ಅಕ್ಕ ತಿದ್ದುತ್ತಿರುವ ಪುಟ

ಅಕ್ಕನಿಗೆ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ವಿಷಯ ಅಂಗಡಿಯದು ಮಾತ್ರ.

ನಮ್ಮ ಕನ್ನಡಕದಂಗಡಿಯ ವೆಬ್‌ಸೈಟನ್ನು ಹೊಸ ವ್ಯವಸ್ಥೆಗೆ ಸಾಗಿಸಬೇಕು. ಹಳೆಯದರಲ್ಲಿ ಒಂದು ಫೋಟೊ ಬದಲಿಸುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ಆದರೂ ಕಂಪ್ಯೂಟರಿನವರು ಯಾವಾಗ ಎಂದು ಕೇಳಿದಾಗಲೆಲ್ಲ ಮುಂದೂಡಿದೆ. ಶಾಲೆ ಶುರುವಾಗಲಿ ಎಂದೆ, ಹೊಸ ಫ್ರೇಮುಗಳು ಬರಲಿ ಎಂದೆ. ಕೊನೆಗೆ, "ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ತಾರೇನ್ರೀ?" ಎಂದು ಅವರ ಮೇಲೆ ರೇಗಿದ್ದೂ ಆಯಿತು.

ನಿಜವಾದ ಅಡ್ಡಿ ಒಂದೇ ಪುಟ. ಆ ದಿನ ನೀನು 'ನಮ್ಮ ಬಗ್ಗೆ' ಎಂಬ ಪುಟವನ್ನು ತೆರೆದು ಬರೆಯುತ್ತಿದ್ದೆ. ನಡುವೆ ನನ್ನೊಡನೆ ಜಗಳವಾಡಿ ಹಾಗೆಯೇ ಎದ್ದು ಹೋದೆ. ಒಬ್ಬರು ತೆರೆದಿಟ್ಟ ಪುಟವನ್ನು ಇನ್ನೊಬ್ಬರು ಮುಟ್ಟಲು ಆ ಹಳೆಯ ವ್ಯವಸ್ಥೆ ಬಿಡುವುದಿಲ್ಲ. 'ಈ ಪುಟವನ್ನು ಅಕ್ಕ ತಿದ್ದುತ್ತಿದ್ದಾರೆ' ಎಂದು ಎರಡು ವರ್ಷದಿಂದ ತೋರಿಸುತ್ತಿದೆ. ಹೆಸರಿನ ಜಾಗದಲ್ಲಿ 'ಅಕ್ಕ' ಎಂದು ತುಂಬಿದ್ದವಳು ನಾನೇ. ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಮೊದಲು ಅದನ್ನೇ ನೋಡುತ್ತೇನೆ.

"ಒಂದು ಕ್ಲಿಕ್ ಸಾಕು ಮೇಡಂ, ತೆಗೆದ್ಬಿಡ್ತೀನಿ," ಎಂದರು ಕಂಪ್ಯೂಟರಿನವರು. ತೆಗೆದರೆ ನೀನು ಉಳಿಸದೆ ಬಿಟ್ಟದ್ದೂ ಹೋಗುತ್ತದಂತೆ, ಬೇಡ ಎಂದೆ. ನೀನು ಏನು ಬರೆದಿದ್ದೆಯೋ ನನಗೆ ಗೊತ್ತಿಲ್ಲ.

ಈಗ ದಿನ ಕೊಟ್ಟಿದ್ದೇನೆ. ಬರುವ ಸೋಮವಾರ ಹನ್ನೊಂದು ಗಂಟೆಗೆ ಸಾಗಿಸುತ್ತಾರೆ. ಅದಕ್ಕೆ ಮೊದಲು ಬರೆದದ್ದನ್ನು ಉಳಿಸು, ಇಲ್ಲವೇ ಅಳಿಸು, ನಿನ್ನಿಷ್ಟ. ನಿನ್ನ ಪಾಸ್‌ವರ್ಡ್ ಬದಲಾಯಿಸಿಲ್ಲ. ಅಂಗಡಿಯ ಬೀಗವನ್ನೂ ಬದಲಾಯಿಸಿಲ್ಲ. ನಿನ್ನ ಹತ್ತಿರವಿರುವ ಕೀಲಿ ಈಗಲೂ ಆಗುತ್ತದೆ.

ಇಂತಿ,
ತಂಗಿ