ರೇಣುಕಪ್ಪ ಸರ್‌ಗೆ ಕೊಟ್ಟ ಆನೆ

ನವೆಂಬರ್ 4, ಸೋಮವಾರ

ಬಸ್ ಲೇಟು. ಎನ್.ಆರ್.ಪುರ ಸ್ಟ್ಯಾಂಡಿನಿಂದ ಆಫೀಸಿಗೆ ಓಡಿದೆ. ಹಾಜರಿ ಪುಸ್ತಕ ಒಳಗೆ ಹೋಗುವ ಮೊದಲು ಸಹಿ ಹಾಕಿದ್ದೇ ಪುಣ್ಯ. ನೋಟೀಸ್ ಬೋರ್ಡಿನಲ್ಲಿ ಸುತ್ತೋಲೆ — ಮೂರು ತಾಲ್ಲೂಕಿನ ನೌಕರರ ಕ್ರೀಡಾಕೂಟ, ಕೊಪ್ಪದಲ್ಲಿ, 16 ಮತ್ತು 17ಕ್ಕೆ. ಚೆಸ್‌ಗೆ ಹೆಸರು ಬರೆದೆ. ನಮ್ಮ ಸೂಪರಿಂಟೆಂಡೆಂಟ್ ರೇಣುಕಪ್ಪ ಸರ್ ಹೆಸರು ಆಗಲೇ ಮೇಲಿತ್ತು.

ನಾಲ್ಕು ವರ್ಷದಿಂದ ಫೈನಲ್‌ನಲ್ಲಿ ನಾವಿಬ್ಬರೇ. ನಾಲ್ಕೂ ಸಲ ಅವರೇ ಗೆದ್ದರು. ಗೆದ್ದರು ಎಂದರೆ... ನಾನು ಸೋತೆ. ಬೇಕೆಂದೇ. ಸಾಹೇಬರನ್ನು ಸೋಲಿಸುವ ಪದ್ಧತಿ ನಮ್ಮ ಆಫೀಸಿನಲ್ಲಿಲ್ಲ. ಕೇರಂನಲ್ಲೂ ಇಲ್ಲ, ಶಟಲ್‌ನಲ್ಲೂ ಇಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಸರ್‌ಗೆ ಮಾತ್ರ ಗೊತ್ತಿಲ್ಲ.

ಅದೂ ಹೋಗಲಿ. ಹೋದ ವರ್ಷ ಕಪ್ ಹಿಡಿದುಕೊಂಡು ಎಲ್ಲರೆದುರು ಹೇಳಿದರು: "ದಾಕ್ಷಾಯಿಣಿ, ನಿಮ್ಗೆ ಆಟ ಗೊತ್ತು. ಧೈರ್ಯ ಸಾಲ್ದು. ಒಂದು ಕಾಯಿ ಕೊಡಕ್ಕೂ ಹೆದರ್ತೀರಿ."

ಒಂದು ವರ್ಷದಿಂದ ಆ ಮಾತು ಉರಿಯುತ್ತಿದೆ. ಈ ಸಲ ಕೊಡುತ್ತೇನೆ. ಕೊಟ್ಟೇ ಗೆಲ್ಲುತ್ತೇನೆ.

ನವೆಂಬರ್ 7, ಗುರುವಾರ. ಬೆಳಿಗ್ಗೆ 5.30

ದಿನಾ ಒಂದು ಗಂಟೆ ಮೊಬೈಲ್ ಆ್ಯಪ್‌ನಲ್ಲಿ. ಆನೆ ಕೊಡು, ಒಂಟೆ ಕೊಡು, ರಾಜನ ಕೋಟೆ ಒಡೆ. ಲೆಕ್ಕ ತಪ್ಪಿದರೆ ಕಾಯಿಯೂ ಹೋಯಿತು, ಆಟವೂ ಹೋಯಿತು. ಇವತ್ತು ಆರು ಸಲ ಹೋಯಿತು. ಮೊಬೈಲಿನಲ್ಲೂ ಆನೆ ಕೊಡುವಾಗ ಬೆರಳು ಹಿಂಜರಿಯುತ್ತದೆ.

ಮಗಳು ಕೃತಿಕಾ ಹಾಸಿಗೆಯಿಂದಲೇ ಇಣುಕಿ ನೋಡಿ, "ಅಮ್ಮಾ, ಎಂತಕ್ಕೆ ಸುಮ್ನೆ ಎಲ್ಲಾ ಕೊಡ್ತೀಯ?" ಎಂದಳು.

ಸುಮ್ಮನೆ ಅಲ್ಲ ಮಾರಾಯ್ತಿ.

ನವೆಂಬರ್ 15, ಶುಕ್ರವಾರ

ಅಟೆಂಡರ್ ಬೂತಪ್ಪ ಟೀ ಇಡುತ್ತ ದನಿ ತಗ್ಗಿಸಿದ. "ಮೇಡಂ, ಸಾಹೇಬ್ರದ್ದು ಕೊನೇ ವರ್ಷ ಅಲ್ವಾ? ಇದೊಂದು ಸಲಾನೂ ಗೆಲ್ಸಿ ಕಳ್ಸಿ."

ಸರ್ ಈ ತಿಂಗಳ ಕೊನೆಗೆ ರಿಟೈರ್. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಒಂದು ಪ್ರಶ್ನೆ ಕೇಳದೆ ಇಪ್ಪತ್ತು ದಿನ ರಜೆ ಕೊಟ್ಟವರು. ಒಳ್ಳೆಯವರು. ಬೂತಪ್ಪನಿಗೆ "ನೋಡೋಣ" ಎಂದೆ. ನೋಡುವುದೇನೂ ಇಲ್ಲ. ಗೆಲ್ಲಬೇಕು.

ನವೆಂಬರ್ 17, ಭಾನುವಾರ. ಸಂಜೆ, ಕೊಪ್ಪದಿಂದ ಬರುವ ಬಸ್ಸಿನಲ್ಲಿ

ಶೆಟ್ಟಿಕೊಪ್ಪ ದಾಟಿತು. ಅಕ್ಷರ ಕುಣಿಯುತ್ತಿದೆ. ಆದರೂ ಈಗಲೇ ಬರೆಯಬೇಕು.

ಸೆಮಿಫೈನಲ್‌ನಲ್ಲಿ ಶೃಂಗೇರಿಯ ಮೇಷ್ಟ್ರೊಬ್ಬರು — ಅರ್ಧ ಗಂಟೆ ಸಾಕಾಯಿತು. ಫೈನಲ್, ರೇಣುಕಪ್ಪ ಸರ್.

ಹದಿನೆಂಟನೇ ನಡೆ. ಅವರ ರಾಜನ ಕಾವಲಿಗಿದ್ದ ಕುದುರೆಯನ್ನು ಆನೆಯಿಂದ ಹೊಡೆದೆ. ಕಾಲಾಳಿನಿಂದ ನನ್ನ ಆನೆ ತೆಗೆದರು. ಹಿಂದೆ ನಿಂತವರು ಮುಗುಳ್ನಕ್ಕರು. ಬೂತಪ್ಪ ನನ್ನ ಕಡೆ ನೋಡಿ ಸಮಾಧಾನದಿಂದ ತಲೆಯಾಡಿಸಿದ. ನಾನು ಎಂದಿನಂತೆ ಬಿಟ್ಟುಕೊಡುತ್ತಿದ್ದೇನೆ ಎಂದೇ ಎಲ್ಲರೂ ತಿಳಿದರು! ಒಂಟೆಯನ್ನೂ ಕೊಟ್ಟೆ. ರಾಜನೇ ಬಂದು ತೆಗೆದ. ಯಾರೋ "ಪಾಪ" ಎಂದರು. ರಾಣಿ ಬಂತು. ಚೆಕ್. ಕುದುರೆ ಬಂತು. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ರಾಜನಿಗೆ ಹೋಗಲು ಮನೆಯಿಲ್ಲ. ಮೇಟ್.

ಚಪ್ಪಾಳೆ ಇಲ್ಲ. ಸರ್ ಬೋರ್ಡನ್ನೇ ನೋಡುತ್ತ ಮೆಲ್ಲಗೆ ಕೇಳಿದರು. "ಹೋದ ವರ್ಷದ್ದು?"

ಸುಳ್ಳು ಹೇಳಬಹುದಿತ್ತು. "ಬಿಟ್ಟುಕೊಟ್ಟದ್ದು ಸರ್."

"ಅದ್ರ ಹಿಂದಿಂದು?"

"ಅದೂ."

ಸರ್ ಕೈ ಕುಲುಕಿ ಹೊರಟರು. ಕಪ್ ಮಡಿಲಲ್ಲಿದೆ. ಖುಷಿಯಾಗಿದೆ, ತುಂಬಾ. ನಾಚಿಕೆಯೂ — ಆ ನಾಲ್ಕು ಆಟ ನೆನೆದು.

ನವೆಂಬರ್ 28, ಗುರುವಾರ

ಅವತ್ತಿನಿಂದ ಸರ್ ಮಾತಾಡಿಲ್ಲ. ಫೈಲುಗಳು ಬೂತಪ್ಪನ ಕೈಯಲ್ಲೇ ಹೋಗಿ ಬರುತ್ತಿವೆ. ಅವನೂ ಮುಖ ಕೊಡುವುದಿಲ್ಲ. ನಾಡಿದ್ದು ಬೀಳ್ಕೊಡುಗೆ. ನಾನು ಕ್ಷಮೆ ಕೇಳಿಲ್ಲ. ಗೆದ್ದದ್ದಕ್ಕೆ ಕೇಳುವುದೂ ಇಲ್ಲ.

ಮಧ್ಯಾಹ್ನ 1.40

ಸರ್ ತಾವೇ ನನ್ನ ಟೇಬಲ್ಲಿಗೆ ಬಂದರು. ಟಿಫಿನ್ ಬಾಕ್ಸ್ ಪಕ್ಕಕ್ಕೆ ಸರಿಸಿ ಬೋರ್ಡ್ ಹಾಸಿದರು.

"ನಿಮ್ ಜತೆ ನಾನು ಇಷ್ಟು ವರ್ಷದಲ್ಲಿ ಆಡಿದ್ದು ಒಂದೇ ಆಟ ದಾಕ್ಷಾಯಿಣಿ. ಇದು ಎರಡನೇದು."

ಕಾಯಿ ಜೋಡಿಸಿದೆ.

ಹನ್ನೊಂದನೇ ನಡೆಗೆ ಕುದುರೆಯನ್ನು ನನ್ನ ಕಾಲಾಳಿನ ಬಾಯಿಗೇ ತಂದಿಟ್ಟರು. ಅಷ್ಟರಲ್ಲಿ ಫೋನ್ ಬಂತೆಂದು ವರಾಂಡಕ್ಕೆ ಹೋಗಿದ್ದಾರೆ. ಬರೆಯುತ್ತಲೇ ಲೆಕ್ಕ ಹಾಕುತ್ತಿದ್ದೇನೆ. ನೋಡದೆ ಇಟ್ಟರೇ? ಹಾಗೆ ಇಡುವವರಲ್ಲ. ತೆಗೆದರೆ ಅವರ ಒಂಟೆಗೆ ದಾರಿ ತೆರೆಯುತ್ತದೆ. ಆಮೇಲೆ ರಾಣಿ. ಆಮೇಲೆ... ಅಯ್ಯೋ. ಇಲ್ಲ, ಒಂದು ದಾರಿ ಇದೆ. ಇರಲೇಬೇಕು.

ಸರ್ ಬಾಗಿಲಲ್ಲಿ ನಿಂತಿದ್ದಾರೆ. ನಗುತ್ತಿದ್ದಾರೆ! "ಎಂತ ಯೋಚ್ನೆ? ತಗಳ್ಳಿ" ಅನ್ನು—