ನಾನು ಗೆದ್ದ ವಾದ

ಅಕ್ಕಾ,

ಇವತ್ತು ಆದೋನಿ ಮಾರ್ಕೆಟ್ಟಿನಲ್ಲಿ ಹತ್ತಿ ತೂಗಿಸುತ್ತಿದ್ದಾಗ ಫೋನ್ ಸದ್ದು ಮಾಡಿತು. ಎಲೆಕ್ಷನ್, ಲಸಿಕೆ, ಚಂದ್ರಯಾನ ಎಂದು ನಾನು ಮುಖ ನೋಡದವರ ಜೊತೆ ಫೇಸ್‌ಬುಕ್ಕಿನಲ್ಲಿ ಜಗಳಾಡುತ್ತಿದ್ದುದು ನಿನಗೆ ಗೊತ್ತಲ್ಲ. ಅವರಲ್ಲೊಬ್ಬ ದಾವಣಗೆರೆಯವನು. ಕಾಮಾಲೆಗೆ ಬರೆ ಹಾಕಿಸಿದರೆ ಸಾಕು ಎಂದು ಅವನು, ಅದು ಲಿವರಿನ ಕಾಯಿಲೆ, ಮೊದಲು ಆಸ್ಪತ್ರೆಗೆ ಹೋಗಬೇಕು ಎಂದು ನಾನು, ಹೋದ ಶ್ರಾವಣದಲ್ಲಿ ಹನ್ನೊಂದು ದಿನ ಕಿತ್ತಾಡಿದ್ದೆವು. ಇವತ್ತು ಅವನು ಎಲ್ಲರಿಗೂ ಕಾಣುವಂತೆ ಬರೆದಿದ್ದಾನೆ: "ಅಣ್ಣಾ, ಆಗ ನಮ್ಮ ತಾಯಿಗೇ ಕಾಮಾಲೆ ಆಗಿತ್ತು. ನಿಮಗೆ ಬೈಕೊಂತಾನೇ ಆಸ್ಪತ್ರೆಗೆ ಕರ್ಕೊಂಡು ಹೋದೆ. ಈಗ ಆರಾಮಾಗಿದ್ದಾರೆ. ನೀವೇ ಗೆದ್ರಿ."

ಮುನ್ನೂರು ಜನ ಅದಕ್ಕೆ ಲೈಕ್ ಒತ್ತಿದ್ದಾರೆ. ನಾನೀಗ ದೊಡ್ಡ ಮನುಷ್ಯ.

ಅದೇ ದಿನಗಳಲ್ಲಿ ನಿನ್ನ ಕಣ್ಣೂ ಹಳದಿಯಾಗಿತ್ತು. ಸೋದರತ್ತೆ ಉಚ್ಚಮ್ಮ, "ನಿನ್ನ ಸೈನ್ಸು ಫೋನಿನಾಗ ಇಟ್ಕ. ಬರಿ ಹಾಕ್ಸಿದ್ರ ಇಳಿತೈತಿ" ಅಂದಳು. ನೀನು ನನ್ನ ಕಡೆ ತಿರುಗಿ, "ನೀ ಏನಂತೀಯೋ ಪಂಪಣ್ಣ?" ಎಂದು ಕೇಳಿದೆ.

"ದೊಡ್ಡೋರು ಹೇಳಿದಂಗ ಆಗ್ಲಿ ಬಿಡಕ್ಕ" ಎಂದೆ. ಮನೆಯಲ್ಲಿ ಮಾತಿಗೆ ಮಾತು ಬೆಳೆಸುವುದು ನನಗೆ ಬೇಡವಾಗಿತ್ತು, ಅಷ್ಟೇ. ಆ ಹನ್ನೊಂದು ದಿನ ಮುಗಿದು ಹನ್ನೆರಡನೆಯ ದಿನ ನಿನ್ನನ್ನು ಮಣ್ಣು ಮಾಡಿ ಬಂದೆವು.

ನಿನಗೆ ಬರೆ ಹಾಕಿಸಿದ ದಿನ, ಹಾಕುವವನ ಅಂಗಳದಲ್ಲಿ, ಕಬ್ಬಿಣ ಕಾಯುವ ತನಕ, ಆ ದಾವಣಗೆರೆಯವನಿಗೇ ಉತ್ತರ ಬರೆಯುತ್ತ ಕೂತಿದ್ದೆ. ಆಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡು, ನೀನು ಅಲುಗಾಡದ ಹಾಗೆ ನಿನ್ನ ಕೈ ಹಿಡಿದುಕೊಂಡೆ.