ಸಂದಿಯಲ್ಲಿ ಕಂಡ ಬಿಳಿ

ಲಿಂಗಂಪಲ್ಲಿ, ಹೈದರಾಬಾದ್
೧೪ ಮೇ ೨೦೦೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಸೂಗಮ್ಮ ಮಾಡುವ ನಮಸ್ಕಾರ. ನಿನ್ನ ಹೊಟ್ಟೆ ಈಗ ಹೇಗಿದೆ? ಅಲ್ಲಿಯ ಕ್ಯಾಂಟೀನಿನಲ್ಲಿ ಮೂರು ಹೊತ್ತೂ ಅನ್ನವೇ ಎಂದಿದ್ದೆ. ಸಮುದ್ರದ ಗಾಳಿ ನಿನಗೆ ಆಗಿಬರುವುದಿಲ್ಲ. ಮಲಗುವಾಗ ಕಿವಿಗೆ ಟವೆಲ್ ಸುತ್ತಿಕೋ, ನಗುವವರು ನಗಲಿ. ಇಲ್ಲಿಯ ಕ್ಷೇಮದ ಮಾತನ್ನು ಈಗ ಬರೆಯಬೇಕಿತ್ತು. ಅದನ್ನು ಆಮೇಲೆ ಬರೆಯುತ್ತೇನೆ.

ನಿನ್ನ ಆಫೀಸಿನ ಪದ್ಮನಾಭ ಸಾಹೇಬರು ಇಂದು ಸಂಜೆ ಅಲ್ಲಿಗೆ ರೈಲು ಹತ್ತುತ್ತಾರಂತೆ. ಸ್ಟೇಷನ್ನಿಗೆ ಹೋಗುವಾಗ ಇಲ್ಲಿಗೆ ಬಂದು, ನಿನಗೆ ಕಳಿಸುವುದೇನಾದರೂ ಇದ್ದರೆ ಒಯ್ಯುತ್ತೇನೆಂದು ಡ್ರೈವರ್ ಸಂಗಣ್ಣನ ಕೈಯಲ್ಲಿ ಹೇಳಿ ಕಳಿಸಿದ್ದಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸೆ ಪುಡಿ ಕಟ್ಟಿಟ್ಟಿದ್ದೇನೆ. ಈ ಕಾಗದವನ್ನು ಸಾಹೇಬರ ಕೈಗೆ ಕೊಡುವುದಿಲ್ಲ. ರೊಟ್ಟಿಯ ಕೆಳಗೆ ಬಟ್ಟೆಯ ಮಡಿಕೆಯಲ್ಲಿ ಇಡುತ್ತೇನೆ. ಯಾಕೆಂದು ಓದಿದರೆ ನಿನಗೇ ತಿಳಿಯುತ್ತದೆ.

ನೀನು ಹೇಳಿದಂತೆ ಒಳಕೋಣೆಯ ಕಂಪ್ಯೂಟರನ್ನು ಒಮ್ಮೆಯೂ ಆರಲು ಬಿಟ್ಟಿಲ್ಲ. ಡಬ್ಬಿಯ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಅದರ ಕಡೆಗೇ ತಿರುಗಿಸಿ ಇಟ್ಟಿದ್ದೇನೆ. ಮನೆಯ ಯಜಮಾನಿ ಗಂಗೂಬಾಯಿ ಮೊನ್ನೆ ಮೇಲೆ ಬಂದವಳು ನೋಡಿ, "ಎಂಥಾ ಅಣ್ಣನೇ ನಿಮ್ಮಣ್ಣ! ತಂಗಿಗಿ ಬೀಸಣಿಗಿ, ಡಬ್ಬಿಗಿ ಫ್ಯಾನ್ ಏನು?" ಎಂದು ನಕ್ಕಳು. ಅವಳ ಗಂಡ ಪಟಾನ್‌ಚೆರುವಿನ ಕಾರ್ಖಾನೆಯಿಂದ ಬಂದವನೇ ಕರೆಂಟಿನ ಮೀಟರ್ ನೋಡುತ್ತಾನೆ. ನಾನು ಬಾಗಿಲ ಪರದೆ ಎಳೆದುಕೊಳ್ಳುತ್ತೇನೆ. ಕರೆಂಟ್ ಹೋಗಿ ಕೆಳಗಿನ ಬ್ಯಾಟರಿ ಡಬ್ಬಿ ಕುಂಯ್ ಎಂದಾಗಲೆಲ್ಲ ಕೈಯ ಕೆಲಸ ಬಿಟ್ಟು ಓಡಿ ಬರುತ್ತೇನೆ. ಬ್ಯಾಟರಿ ಉಳಿಯಲೆಂದು ಕಂಪ್ಯೂಟರಿನ ಗಾಜಿನ ಗುಂಡಿ ಒತ್ತಿ ಅದೊಂದನ್ನೇ ಆರಿಸುತ್ತೇನೆ. ಕರೆಂಟ್ ಬರುವವರೆಗೆ ಕತ್ತಲಲ್ಲಿ ಆ ಡಬ್ಬಿಯ ಮೇಲೆ ಕೈಯಿಟ್ಟು ಕೂರುತ್ತೇನೆ, ಜ್ವರ ಬಂದ ಕೂಸಿನ ಹತ್ತಿರ ಕೂತ ಹಾಗೆ.

ಅದರೊಳಗೆ ಏನು ನಡೆದಿದೆಯೋ ನನಗೆ ತಿಳಿಯದು. ನಾಲ್ಕನೇ ಇಯತ್ತೆ ಓದಿದವಳಿಗೆ ತಿಳಿಯುವ ಹಾಗೆ ನೀನು ಹೇಳಿದ್ದಷ್ಟು ನೆನಪಿದೆ. ಮೇಲೆ ಹೋದ ನೌಕೆ ಕೆಳಗೆ ಬರುವಾಗ ಗಾಳಿಯೇ ಬೆಂಕಿಯಾಗುತ್ತದೆ. ಅದಕ್ಕೆ ನೌಕೆಯ ಮೈಗೆ ಬಿಲ್ಲೆಗಳನ್ನು ಅಂಟಿಸಿ ಕವಚ ಮಾಡಿರುತ್ತಾರೆ. ಎಷ್ಟು ಕಾಯುತ್ತದೆಂದು ಸುಟ್ಟು ನೋಡುವ ಮೊದಲು ನೀವು ಲೆಕ್ಕದಲ್ಲಿ ನೋಡುತ್ತೀರಿ. ಬಿಲ್ಲೆ ಬಿಲ್ಲೆಗಳ ನಡುವಿನ ಕೂದಲಿನಂಥ ಸಂದಿಯನ್ನೂ ಲೆಕ್ಕಕ್ಕೆ ಹಿಡಿಯೋಣ ಎಂದು ನೀನು ಕೇಳಿದಾಗ ಸಾಹೇಬರು, "ಸಂದಿ ಇಲ್ಲಂತ ತಿಳಕೊಂಡು ಮುಗಸಪಾ ಶಿವಪ್ರಕಾಶ, ದೀಪಾವಳಿ ತನಕ ಕೂಡಾಂವೇನು?" ಎಂದರಂತೆ. ಆ ದಿನ ನೀನು ಊಟಕ್ಕೆ ಕೂತವನು, ನಾನು ಬಡಿಯುತ್ತಿದ್ದ ರೊಟ್ಟಿಯ ಅಂಚು ಬಿರಿದದ್ದನ್ನೇ ನೋಡುತ್ತಾ, "ಬಿಸಿಗಾಳಿ ಸಂದಿ ಹುಡುಕೋತ ಬರತೈತಿ, ಸೂಗಿ" ಎಂದೆ. ಮರುದಿನವೇ ಆಫೀಸಿನ ಲೆಕ್ಕವನ್ನು ಕದ್ದು ಮನೆಗೆ ತಂದು, ಆ ಒಂದು ಸಂದಿಯನ್ನಷ್ಟೇ ಈ ಡಬ್ಬಿಯಲ್ಲಿ ಲೆಕ್ಕಕ್ಕೆ ಹಚ್ಚಿದೆ. ಅದು ಮುಗಿಯುವ ಮೊದಲೇ ನಿನ್ನನ್ನು ನೌಕೆ ಹಾರಿಸುವ ಆ ಸಮುದ್ರದ ದಂಡೆಗೆ ಕರೆಸಿಕೊಂಡರು. ಆಫೀಸಿನ ಲೆಕ್ಕ ಮನೆಗೆ ತಂದದ್ದು ತಿಳಿದರೆ ಅಂದೇ ಕೆಲಸದಿಂದ ತೆಗೆಯುತ್ತಾರೆಂದು ಹೊರಡುವಾಗ ನೀನೇ ಹೇಳಿದ್ದೆ. ಅಂದಿನಿಂದ ಬಾಗಿಲು ಬಡಿದರೆ ಸಾಕು, ಮೊದಲು ಒಳಕೋಣೆಯ ಪರದೆ ಎಳೆದು ಆಮೇಲೆ ತೆರೆಯುತ್ತೇನೆ.

ಗಾಜಿನ ಮೇಲಿನ ಚಿತ್ರದಲ್ಲಿ ನೀಲಿ ಬಂದರೆ ತಂಪು, ಕೆಂಪು ಬಂದರೂ ನಡೆಯುತ್ತದೆ, ಬಿಳಿ ಬಂದರೆ ಅಂಟು ಉಳಿಯುವುದಿಲ್ಲ, ಬಿಲ್ಲೆ ಕಳಚುತ್ತದೆ ಎಂದಿದ್ದೆ. ಗುರುವಾರ ಬೆಳಿಗ್ಗೆ ರೊಟ್ಟಿ ಮಾಡಿ ಎದ್ದು ಬಂದು ನೋಡಿದರೆ ಸಂದಿಯ ತಳದಲ್ಲಿ ಉಪ್ಪಿನ ಹರಳಿನಷ್ಟು ಬಿಳಿ. ನನ್ನ ಕೈಯ ಜೋಳದ ಹಿಟ್ಟು ಗಾಜಿಗೆ ಹತ್ತಿದೆಯೆಂದು ತಿಳಿದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಸೆರಗು ಒದ್ದೆ ಮಾಡಿ ಒರೆಸಿದೆ. ಆಗಲೂ ಹೋಗಲಿಲ್ಲ. ಈಗ ಅದು ಜೋಳದ ಕಾಳಿಗಿಂತ ದೊಡ್ಡದಾಗಿದೆ.

ಶುಕ್ರವಾರ ನೀನು ಫೋನ್ ಮಾಡಿದಾಗ ನಾನು ಹೇಳಬೇಕಿತ್ತು. ಗಂಗೂಬಾಯಿ ಪಕ್ಕದಲ್ಲೇ ಕೂತು ಮೆಂತ್ಯೆ ಸೋಸುತ್ತಿದ್ದಳು. ನಿನ್ನ ಹಿಂದೆಯೂ ಬೂತಿನಲ್ಲಿ ಯಾರೋ ಬೇಗ ಬೇಗ ಎನ್ನುತ್ತಿದ್ದರು. "ಹೆಂಗೈತಿ ಎಲ್ಲಾ?" ಎಂದು ನೀನು ಕೇಳಿದ ಕೂಡಲೇ ನನ್ನ ಬಾಯಿಯಿಂದ "ಆರಾಮ ಐತಿ" ಎಂದು ಬಂದುಬಿಟ್ಟಿತು. ನಮ್ಮ ಮನೆಯಲ್ಲಿ ಯಾರು ಕೇಳಿದರೂ ಅದೊಂದೇ ಮಾತು ಅಲ್ಲವೇ? ಅವ್ವ ಹಾಸಿಗೆ ಹಿಡಿದಾಗ ಅಮರೇಶಪ್ಪ ಕಾಕಾ ನಿನ್ನ ಹಾಸ್ಟೆಲಿಗೆ "ಅವ್ವ ಆರಾಮ ಅದಾಳ, ಪರೀಕ್ಷಾ ಬರಿ" ಎಂದು ಬರೆದಿದ್ದ. ನೀನು ಪರೀಕ್ಷೆ ಬರೆದು ಬಂದಾಗ ಅವ್ವ ಇರಲಿಲ್ಲ. ಅಂದು ಅಂಗಳದಲ್ಲಿ ಕೂತು, "ನನಗ ಇನ್ನ ಯಾರೂ ಆರಾಮ ಅನಬ್ಯಾಡ್ರಿ" ಎಂದು ನೀನು ಅತ್ತದ್ದು ನನ್ನ ಕಣ್ಣಮುಂದೆ ಇದೆ. ಹಾಗಿದ್ದೂ ಶುಕ್ರವಾರ ಅದನ್ನೇ ಅಂದೆ. ನೀನು "ಹಂಗಾರ ಚಲೋ ಆತು" ಎಂದು ಉಸಿರು ಬಿಟ್ಟದ್ದು ಇನ್ನೂ ಕಿವಿಯಲ್ಲಿದೆ. ನಾನು ಮತ್ತೇನಾದರೂ ಹೇಳುವಷ್ಟರಲ್ಲಿ ಲೈನ್ ಹೋಯಿತು. ಅಲ್ಲಿಗೆ ಫೋನ್ ಮಾಡಲು ನನ್ನ ಹತ್ತಿರ ನಂಬರ್ ಇಲ್ಲ.

ಈ ನೌಕೆಯಲ್ಲಿ ಮನುಷ್ಯರು ಕೂರುವುದಿಲ್ಲ ಎಂದು ನೀನು ಸಮಾಧಾನ ಹೇಳಿದ್ದೆ. ಆದರೆ ಇದು ಸರಿಹೋಯಿತೆಂದು ತಿಳಿದ ಮೇಲೆ ಮುಂದೊಂದು ದಿನ ಇದೇ ಲೆಕ್ಕವನ್ನು ನಂಬಿ ಯಾರಾದರೂ ಕೂರುತ್ತಾರಲ್ಲವೇ? ಮೂರು ವರ್ಷದ ಹಿಂದೆ ನೌಕೆಯಲ್ಲಿದ್ದ ಆ ಏಳು ಜನ ಮೇಲಿನಿಂದ ಮನೆಗೆ ಬರುವ ದಾರಿಯಲ್ಲಿ ಸುಟ್ಟುಹೋದದ್ದನ್ನು ನಾವಿಬ್ಬರೂ ಗಂಗೂಬಾಯಿಯ ಟಿವಿಯಲ್ಲಿ ನೋಡಿದ್ದೆವು. ನೀಲಿ ಆಕಾಶದಲ್ಲಿ ಬಿಳಿ ಗೆರೆಗಳು. ಈಗ ಕಣ್ಣು ಮುಚ್ಚಿದರೆ ಅವೇ ಕಾಣುತ್ತವೆ.

ನಾಳೆಯ ಮೀಟಿಂಗಿನಲ್ಲಿ ಎಲ್ಲರೂ ಹೂಂ ಎಂದರೆ ನೌಕೆ ಮೇಲೆ ಹೋಗುತ್ತದೆ ಎಂದಿದ್ದೆ. ಯಾರಾದರೂ ಒಬ್ಬರು "ಹೋಲ್ಡ್" ಎಂದರೆ ಸಾಕು, ಎಲ್ಲವೂ ನಿಲ್ಲುತ್ತದೆ ಎಂದೂ ಹೇಳಿದ್ದೆ. "ಆದ್ರ ಆ ಮಾತು ಅನ್ನಾಕ ಗಂಟಲ ಬೇಕು, ಸೂಗಿ" ಎಂದು ನಕ್ಕಿದ್ದೆ. ನೀನು ಅದನ್ನು ಅಂದರೆ, ಹೇಗೆ ಗೊತ್ತಾಯಿತೆಂದು ಅವರು ಕೇಳುತ್ತಾರೆ. ಅನ್ನದಿದ್ದರೆ ನೀನು ಜನ್ಮವಿಡೀ ನಿದ್ದೆ ಮಾಡುವುದಿಲ್ಲ. ಎರಡರಲ್ಲಿ ಯಾವುದನ್ನು ಮಾಡು ಎನ್ನಲು ನನಗೆ ತಿಳಿಯದು. ಬಿಳಿ ಬಂದಿದೆ ಎಂದು ಹೇಳುವುದಷ್ಟೇ ನನ್ನ ಕೆಲಸ. ಬೆಳಿಗ್ಗೆ ಮೀಟಿಂಗಿಗೆ ಹೋಗುವ ಮೊದಲೇ ಇದು ನಿನ್ನ ಕೈ ಸೇರಲಿ.

ಕಾಕಾ ನಿನಗೆ ಆಶೀರ್ವಾದ ತಿಳಿಸಿದ್ದಾನೆ. ನಮ್ಮ ಮನೆದೇವರು ಸೂಗೂರೇಶ ನಿನ್ನ ಬೆನ್ನ ಹಿಂದೆ ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಸೂಗಮ್ಮ

ತಾ.ಕ.: ಅಣ್ಣಾ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಸೊಟ್ಟಗಾಗಿವೆ. ಸಾಹೇಬರು ಬಂದರು. ಬಾಗಿಲಲ್ಲೇ ನಿಂತು, "ಗಂಟು ಕೊಡವಾ ತಂಗಿ. ನಾಳೆ ಇಳದಾಂವನ ಸೀದಾ ಮೀಟಿಂಗಿಗೆ ಹೋಗ್ತೀನಿ, ಅದು ಮುಗದ ಮ್ಯಾಲ ನಿಮ್ಮಣ್ಣಗ ಮುಟ್ಟಸ್ತೀನಿ" ಎಂದರು. ಮುಗಿದ ಮೇಲೆ ನೀನು ಇದನ್ನು ಓದಿ ಏನು ಮಾಡುತ್ತೀ? ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ. ಒಳಕೋಣೆಯ ಪರದೆ ಸರಿಸಿದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅವರೂ ಹೆಬ್ಬೆರಳಿನಿಂದ ಗಾಜನ್ನು ಒರೆಸಿದರು, ಅಣ್ಣಾ. "ಯಾವಾಗಿಂದ ಹಿಂಗೈತಿ?" ಎಂದು ಕೇಳಿದರು. "ಗುರುವಾರದಿಂದ್ರಿ" ಎಂದೆ. ಮನೆಗೆ ಯಾಕೆ ತಂದನೆಂದು ಕೇಳಿದಾಗ, "ನೀವು ಸಂದಿ ಇಲ್ಲಂತ ತಿಳಕೋ ಅಂದ್ರಂತಲ್ರಿ" ಎಂದುಬಿಟ್ಟೆ. ಅವರ ಮುಖ ಹೇಗಾಯಿತೋ ನೋಡಲು ಧೈರ್ಯವಾಗಲಿಲ್ಲ. ಕೊಟ್ಟ ಚಹಾ ಹಾಗೇ ಇದೆ. ಈಗ ಕೆಳಗೆ ಗಂಗೂಬಾಯಿಯ ಫೋನಿನಲ್ಲಿ ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡುತ್ತಿದ್ದಾರೆ. ನಿನ್ನ ಹೆಸರು ಎರಡು ಸಲ ಕೇಳಿಸಿತು. ಬೈಯುತ್ತಿದ್ದಾರೋ ಏನೋ ತಿಳಿಯದು. ನಡುವೆ ಒಂದು ಮಾತು ಮಾತ್ರ ತಿಳಿಯಿತು. ಹೋಲ್ಡ್ ಎಂದರು. ಮತ್ತೊಮ್ಮೆ ಅಂದರು. ನೌಕೆಯದು ಇಷ್ಟಾಯಿತು, ನಿನ್ನದು ಏನಾಗುತ್ತದೆಯೋ. ಸಂಗಣ್ಣ ಹಾರ್ನ್ ಹಾಕುತ್ತಿದ್ದಾನೆ. ಕ್ಷೇಮದ ಮಾತು ಆಮೇಲೆ ಬರೆಯುತ್ತೇನೆ ಎಂದಿದ್ದೆನಲ್ಲ, ನಾನು ಆರಾಮ ಇಲ್ಲ. ಫೋನ್ ಮಾಡು. ಪಕ್ಕದಲ್ಲಿ ಯಾರು ಕೂತಿದ್ದರೂ ಹೇಳುತ್ತೇನೆ.